ಗ್ರಾಂಟ್ ವಾಲ್ ಸಾವು: ಒಂದು ತಿದ್ದುಪಡಿ
ಕತಾರ್ ಫುಟ್‌ಬಾಲ್ ವಿಶ್ವಕಪ್ ವರದಿಗೆ ಹೋಗಿದ್ದ ಅಮೆರಿಕದ ಪತ್ರಕರ್ತ ಗ್ರಾಂಟ್ ವಾಲ್ ಲುಸೈಲ್ ಕ್ರೀಡಾಂಗಣದಲ್ಲಿ ಹೃದಯಾಘಾತದಿಂದ ತೀರಿಕೊಂಡರು ಎಂದು ಒಂದು ಲೇಖನದಲ್ಲಿದೆ. ಅದು ಹೃದಯಾಘಾತವಲ್ಲ. ಹೃದಯದಿಂದ ಮೇಲಕ್ಕೆ ಹೊರಡುವ ಮಹಾಪಧಮನಿ ಬಲೂನಿನಂತೆ ಉಬ್ಬಿ ಒಡೆದಿತ್ತು ಎಂದು ಸ್ವತಃ ವೈದ್ಯೆಯಾದ ಅವರ ಪತ್ನಿ ಸೆಲೀನ್ ಗೌಂಡರ್ 2022ರ ಡಿಸೆಂಬರ್ 14ರಂದೇ ತಿಳಿಸಿದ್ದರು. ರಕ್ತ ಹೃದಯದ ಸುತ್ತಲಿನ ಚೀಲಕ್ಕೆ ನುಗ್ಗಿದರೆ ಹೃದಯಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಪತ್ರಕರ್ತರ ಗ್ಯಾಲರಿಯಲ್ಲೇ ಸಿಪಿಆರ್ (ಎದೆ ಒತ್ತಿ ಹೃದಯ ಚಾಲೂ ಮಾಡುವ ಯತ್ನ) ಮಾಡಿದರೂ ಉಳಿಯದಿದ್ದದ್ದು ಅದಕ್ಕೇ. ಕೋವಿಡ್ ಲಸಿಕೆಯಿಂದ ಸತ್ತರು, ಪಿತೂರಿಯಿಂದ ಸತ್ತರು ಅಂತ ಹಬ್ಬಿಸಿದವರಿಗೆ ನಾಚಿಕೆಯಾಗಬೇಕು.

ಈ ಉಬ್ಬು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ವಾಲ್‌ಗೆ ಎದೆ ಬಿಗಿತವಿತ್ತು. ಮಾಧ್ಯಮ ಕೇಂದ್ರದ ಕ್ಲಿನಿಕ್‌ನಲ್ಲಿ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ) ಇರಬಹುದೆಂದು ಆ್ಯಂಟಿಬಯೋಟಿಕ್ ಕೊಟ್ಟಿದ್ದರು. ಸ್ಟೆತಾಸ್ಕೋಪಿಗೆ ಇದು ಸುಲಭವಾಗಿ ಸಿಗುವಂಥದ್ದಲ್ಲ, ಎಕೋ (ಹೃದಯದ ಅಲ್ಟ್ರಾಸೌಂಡ್) ಅಥವಾ ಸಿಟಿ ಸ್ಕ್ಯಾನ್ ಬೇಕು. ಸಾಮಾನ್ಯವಾಗಿ 4 ಸೆಂ.ಮೀ.ಗಿಂತ ಕಡಿಮೆ ಅಗಲದ ನಾಳ 5.5 ಸೆಂ.ಮೀ. ತಲುಪಿದರೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ವಂಶದಲ್ಲಿದ್ದರೆ ಅದಕ್ಕೂ ಮೊದಲೇ. ಮನೆಯಲ್ಲಿ ಒಬ್ಬರಿಗೆ ಕಂಡರೆ ಒಡಹುಟ್ಟಿದವರು, ಮಕ್ಕಳು ಒಂದು ಎಕೋ ಮಾಡಿಸಿಕೊಳ್ಳಲೇಬೇಕು.

17ರ ಹುಡುಗ, ಬಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್‌ನನ್ನು 2002ರಲ್ಲಿ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯ ಮುಖಪುಟಕ್ಕೆ ತಂದ ಲೇಖನ ವಾಲ್ ಅವರದೇ. ಅವರು ತೀರಿಕೊಂಡ ದಿನದ ಪಂದ್ಯದಲ್ಲಿ ಅರ್ಜೆಂಟೀನಾ ವಿರುದ್ಧ ನೆದರ್ಲೆಂಡ್ಸ್ ಫ್ರೀಕಿಕ್‌ನಲ್ಲಿ ಜಾಣತನದಿಂದ ಹೊಡೆದು 2-2 ಮಾಡಿಕೊಂಡ ಗೋಲನ್ನು ಮೆಚ್ಚಿ ಟ್ವೀಟ್ ಮಾಡಿದ್ದರು. ಆಮೇಲೆ ಬರೆಯಲಿಲ್ಲ.