ಎರಡು ಲಕ್ಷ ಪ್ರತಿ ಖರ್ಚಾಗುವ ವಿದ್ಯೆ

ಕನ್ನಡದಲ್ಲಿ ಸಾವಿರ ಪ್ರತಿ ಖರ್ಚಾದರೆ ಪ್ರಕಾಶಕರು ಸಿಹಿ ಹಂಚುತ್ತಾರೆ. ಹಾಗಾಗಿ ನಮ್ಮ ಲೇಖಕರಿಗೆಲ್ಲ ನನ್ನದೊಂದು ಸಲಹೆ. ಕಥೆ, ಕವನ ಬಿಟ್ಟುಬಿಡಿ. ಅರ್ಥಶಾಸ್ತ್ರಜ್ಞರಾಗಿ. ಅದೂ ಪಾಠ ಹೇಳುವ ಅರ್ಥಶಾಸ್ತ್ರಜ್ಞರಲ್ಲ, ಸರ್ಕಾರಕ್ಕೆ ಸಲಹೆ ಕೊಡುವಂಥವರು.

ಕೃಷ್ಣಮೂರ್ತಿ ಸುಬ್ರಮಣಿಯನ್ ಅವರನ್ನೇ ನೋಡಿ. ಐಐಟಿ, ಐಐಎಂ, ಶಿಕಾಗೋದಲ್ಲಿ ಪಿಎಚ್‌ಡಿ. ಬ್ಯಾಂಕುಗಳ ಆಡಳಿತ ಹೇಗಿರಬೇಕು ಅಂತ ಹೇಳಲು ರಿಸರ್ವ್ ಬ್ಯಾಂಕ್ ಮಾಡಿದ್ದ ನಾಯಕ್ ಸಮಿತಿಯಲ್ಲೂ ಇದ್ದರು. 2018ರಿಂದ 2021ರವರೆಗೆ ಕೇಂದ್ರದ ಮುಖ್ಯ ಆರ್ಥಿಕ ಸಲಹೆಗಾರರು. ಆಮೇಲೆ ವಾಷಿಂಗ್ಟನ್‌ನ ಐಎಂಎಫ್‌ನಲ್ಲಿ, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ, ಭಾರತದ ಪರವಾಗಿ ಕುರ್ಚಿ.

ಸಲಹೆಗಾರರಾಗಿದ್ದಾಗ ಅವರು ಬರೆದ 2019-20ರ ಆರ್ಥಿಕ ಸಮೀಕ್ಷೆ ಸರ್ಕಾರಿ ಬ್ಯಾಂಕುಗಳ ಚಳಿ ಬಿಡಿಸಿತ್ತು. ತೆರಿಗೆದಾರರು ಈ ಬ್ಯಾಂಕುಗಳಲ್ಲಿ ಹೂಡಿದ ಒಂದೊಂದು ರೂಪಾಯಿಯಲ್ಲೂ 2019ರಲ್ಲಿ ಸರಾಸರಿ 23 ಪೈಸೆ ಕರಗಿತು ಅಂತ ಅದರ ಲೆಕ್ಕ. ಪೈಸೆ ಎಲ್ಲಿಗೆ ಹೋಗುತ್ತೆ ಅಂತ ಆಗ ನಮಗೆ ಗೊತ್ತಾಗಿರಲಿಲ್ಲ.

2024ರಲ್ಲಿ ಸ್ವಲ್ಪ ಗೊತ್ತಾಯಿತು. ಅವರದೊಂದು ಹೊಸ ಪುಸ್ತಕ ಬರುವುದಿತ್ತು. 2047ಕ್ಕೆ ಭಾರತ 55 ಟ್ರಿಲಿಯನ್ ಡಾಲರ್ ಆರ್ಥಿಕತೆ ಆಗುತ್ತೆ ಅನ್ನುವುದು ಅದರ ಕನಸು. ಪುಸ್ತಕ ಅಂಗಡಿಗೆ ಬರುವ ಮೊದಲೇ ಯೂನಿಯನ್ ಬ್ಯಾಂಕ್ ಆರ್ಡರ್ ಕೊಟ್ಟಿತ್ತು ಅಂತ ಪತ್ರಿಕೆಗಳಲ್ಲಿ ಬಂತು. 350 ರೂಪಾಯಿಯ ಪೇಪರ್‌ಬ್ಯಾಕ್ 1,89,450. 597 ರೂಪಾಯಿಯ ಗಟ್ಟಿ ರಟ್ಟಿನದು 10,422. ಒಟ್ಟು 7.25 ಕೋಟಿ ರೂಪಾಯಿ. ಸರ್ಕಾರಿ ಬ್ಯಾಂಕು ಸೇಡು ತೀರಿಸಿಕೊಳ್ಳುವ ರೀತಿ ಇದು!

ಹಂಚಿಕೆ ಇನ್ನೂ ಚೆಂದ. 18 ವಲಯ ಕಚೇರಿಗಳಿಗೆ ತಲಾ 10,525 ಪೇಪರ್‌ಬ್ಯಾಕ್, ತಲಾ 579 ಗಟ್ಟಿ ರಟ್ಟು. ಯಾವ ಊರಲ್ಲಿ ಓದುವವರು ಜಾಸ್ತಿ, ಎಲ್ಲಿ ಕಮ್ಮಿ, ಯಾರಿಗೆ ಬೇಕು, ಯಾರಿಗೆ ಬೇಡ, ಈ ತಲೆನೋವೇ ಇಲ್ಲ. ಬೇಡಿಕೆ ನೋಡಿ ಪೂರೈಕೆ ಅಂತ ಅರ್ಥಶಾಸ್ತ್ರದ ಮೊದಲ ಪಾಠದಲ್ಲೇ ಇರುತ್ತೆ, ಅಲ್ವಾ? ಆದರೆ ಆ ಪಾಠ ಬೇರೆ ಪುಸ್ತಕದ್ದು. ಇದನ್ನು ಗ್ರಾಹಕರಿಗೆ, ಕಂಪನಿಗಳಿಗೆ, ಶಾಲೆ-ಕಾಲೇಜುಗಳಿಗೆ ಕೊಡುವ ಯೋಜನೆಯಂತೆ. ಪಾಸ್‌ಬುಕ್ ಎಂಟ್ರಿಗೆ ಹೋದರೆ 'ಮೆಷಿನ್ ಕೆಟ್ಟಿದೆ, ನಾಳೆ ಬನ್ನಿ' ಅಂತ ಕೇಳಿ ಅಭ್ಯಾಸ ಆದವರಿಗೆ ಕೈಗೊಂದು ಪುಸ್ತಕ ಸಿಕ್ಕರೆ ಅದೇ ಭಾಗ್ಯ.

ನಮ್ಮವರೂ ಇದರಲ್ಲಿ ಪಾಲುದಾರರು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು ಇದೇ ಯೂನಿಯನ್ ಬ್ಯಾಂಕಿನಲ್ಲಿ ಕರಗಿದ್ದು 2020ರ ಏಪ್ರಿಲ್ 1ಕ್ಕೆ. ತಾರೀಖು ನಾನು ಆರಿಸಿದ್ದಲ್ಲ.

ಇಷ್ಟು ಪುಸ್ತಕ ಕೊಳ್ಳಿ ಅಂತ ಲೇಖಕರೇ ಕೇಳಿದ್ದರು ಅಂತ ನಾನು ಹೇಳುತ್ತಿಲ್ಲ. 2025ರ ಏಪ್ರಿಲ್ 30ರಂದು, ಅವಧಿ ಮುಗಿಯಲು ಇನ್ನೂ ಆರು ತಿಂಗಳು ಇರುವಾಗಲೇ, ಸರ್ಕಾರ ಅವರ ಐಎಂಎಫ್ ಹುದ್ದೆ ನಿಲ್ಲಿಸಿತು. ಕಾರಣ ಹೇಳಲಿಲ್ಲ. ಕಾರಣ ಹೇಳುವ ಅಭ್ಯಾಸ ಸರ್ಕಾರಗಳಿಗೆ ಎಲ್ಲಿದೆ? ಬ್ಯಾಂಕಿನಲ್ಲಿ ಮಾತ್ರ ಅದಕ್ಕೂ ಮೊದಲೇ ಜನರಲ್ ಮ್ಯಾನೇಜರ್ ಒಬ್ಬರು ಅಮಾನತಾಗಿದ್ದರು. ಪುಸ್ತಕಗಳನ್ನು 18 ಪಾಲು ಮಾಡಿದ ಬ್ಯಾಂಕಿಗೆ ಹೊಣೆಯನ್ನು ಹಾಗೆ ಪಾಲು ಮಾಡುವ ಲೆಕ್ಕ ಬರಲಿಲ್ಲ.