ಶೇ 19ರ ಮಹಿಮೆ

ರಕ್ಷಣಾ ಸಚಿವಾಲಯದ ಛಲವನ್ನು ಮೆಚ್ಚದೆ ವಿಧಿಯಿಲ್ಲ. ಸೇನೆಯಲ್ಲಿ ದುಡಿದು ಆರೋಗ್ಯ ಕಳೆದುಕೊಂಡವರಿಗೆ ಅಂಗವೈಕಲ್ಯ ಪಿಂಚಣಿ ಕೊಡಿ ಎಂದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ ನೀಡಿದ್ದ ಆದೇಶಗಳನ್ನು ಪ್ರಶ್ನಿಸಿ ಅದು ಸಲ್ಲಿಸಿದ್ದ ನೂರಾರು ಅರ್ಜಿಗಳನ್ನು ದೆಹಲಿ ಹೈಕೋರ್ಟ್ 2025ರ ಜುಲೈನಲ್ಲಿ ಒಂದೇ ಏಟಿಗೆ ವಜಾ ಮಾಡಿದ್ದು ಎಲ್ಲರಿಗೂ ತಿಳಿದಿರುವ ಸಂಗತಿ. ಸುದ್ದಿ ಓದಿದ ಮುಗ್ಧರು ಇಲ್ಲಿಗೆ ಈ ವ್ಯಾಜ್ಯ ಮುಗಿಯಿತು ಎಂದುಕೊಂಡಿರಬಹುದು. ಇದೇ ವಿಷಯದಲ್ಲಿ 2013ರಲ್ಲಿ ಸೋತವರು, 2014ರಲ್ಲಿ ಸೋತವರು, 2015ರಲ್ಲೂ ಸೋತವರು ಇನ್ನೊಂದು ಸೋಲಿಗೆ ಎದೆಗುಂದುತ್ತಾರೆಯೇ? ಹಿಮ್ಮೆಟ್ಟಬಾರದು ಎಂದು ಸೈನಿಕನಿಗೆ ಕಲಿಸುವ ಪಾಠವನ್ನು ಸಚಿವಾಲಯದ ಕಡತ ವಿಭಾಗ ಚಾಚೂ ತಪ್ಪದೆ ಪಾಲಿಸುತ್ತಿದೆ. ಎದುರಾಳಿ ಯಾರು ಎಂಬುದರಲ್ಲಿ ಮಾತ್ರ ಅದಕ್ಕೆ ಸ್ವಲ್ಪ ಗೊಂದಲವಾಗಿದೆ.

ಸೇನೆಗೆ ಸೇರುವಾಗಿನ ದೇಹಪರೀಕ್ಷೆಯನ್ನು ಒಮ್ಮೆ ಕಂಡವರಿಗೆ ಸರ್ಕಾರಿ ವೈದ್ಯರ ಸೂಕ್ಷ್ಮದೃಷ್ಟಿಯ ಬಗ್ಗೆ ಗೌರವ ಹುಟ್ಟದೆ ಇರದು. ಬೆಳಗಾವಿಯಲ್ಲೋ ಮಡಿಕೇರಿಯಲ್ಲೋ ಭರ್ತಿ ರ‍್ಯಾಲಿ ನಡೆದಾಗ ನಸುಕಿನಲ್ಲೇ ಸಾಲುಗಟ್ಟುವ ಹುಡುಗರು 1.6 ಕಿಲೋಮೀಟರ್ ಓಡಿ, 9 ಅಡಿ ಹಳ್ಳ ಹಾರಿ, ಕಂಬಿಗೆ ಜೋತುಬಿದ್ದು ಮೈಯೆತ್ತಿ ಪಾರಾದ ಮೇಲೆ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಎದೆ 77 ಸೆಂಟಿಮೀಟರ್ ಇರಬೇಕು, ಉಸಿರೆಳೆದುಕೊಂಡರೆ ಇನ್ನೂ 5 ಸೆಂಟಿಮೀಟರ್ ಹಿಗ್ಗಬೇಕು, ಅಂಗಾಲು ಚಪ್ಪಟೆಯಾಗಿರಬಾರದು, ನೆಟ್ಟಗೆ ನಿಂತರೆ ಮಂಡಿಗಳು ಒಂದಕ್ಕೊಂದು ತಾಗಬಾರದು, ಹಲ್ಲುಗಳಿಗೆ ಅಂಕ ಕೊಟ್ಟು ಕೂಡಿದರೆ ಕನಿಷ್ಠ 14 ಬರಬೇಕು, ಕಿವಿಯಲ್ಲಿ ಗುಗ್ಗೆ ಕಂಡರೆ ತೆಗೆಸಿಕೊಂಡು ಬಾ ಎಂದು ಅಟ್ಟುತ್ತಾರೆ. ಹೀಗೆ ಸೋಸಿ ತೆಗೆದ ದೇಹವೊಂದು ಹಲವು ವರ್ಷ ದುಡಿದು ಕುಸಿದಾಗ, ಅದೇ ವ್ಯವಸ್ಥೆಯ ಇನ್ನೊಂದು ಮೇಜಿನ ಹಿಂದೆ ಕುಳಿತ ಮೆಡಿಕಲ್ ಬೋರ್ಡ್ ಕನ್ನಡಕ ಸರಿಪಡಿಸಿಕೊಂಡು, ಈ ಕಾಯಿಲೆ ಇವನ ದೇಹಪ್ರಕೃತಿಗೆ ಸೇರಿದ್ದು, ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಷರಾ ಬರೆಯುತ್ತದೆ. ಭರ್ತಿಯ ದಿನ ಕಿವಿಯ ಗುಗ್ಗೆಯನ್ನು ಪತ್ತೆಹಚ್ಚಿದ ವೈದ್ಯಶಾಸ್ತ್ರಕ್ಕೆ ಅಪಸ್ಮಾರದಂಥ ಕಾಯಿಲೆ ಮಾತ್ರ ಕಣ್ತಪ್ಪಿತ್ತು ಎಂದು ನಾವು ನಂಬಬೇಕು.

ಸುಪ್ರೀಂ ಕೋರ್ಟ್ ನಂಬಲಿಲ್ಲ. 2013ರ ಜುಲೈನಲ್ಲಿ, ಧರ್ಮವೀರ್ ಸಿಂಗ್ ಪ್ರಕರಣದಲ್ಲಿ, ಸೇರುವಾಗ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು, ಆಮೇಲೆ ಕೆಟ್ಟ ಆರೋಗ್ಯ ಸೇವೆಯಿಂದಲೇ ಕೆಟ್ಟಿತೆಂದು ತಿಳಿಯಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಅದು ಹೇಳಿತು. ಮಾತು ಇಷ್ಟು ಸರಳ. ಆಮೇಲೂ ಅದೇ ಷರಾ ಹೊತ್ತ ಪತ್ರಗಳು ಮನೆಮನೆಗೆ ಬರುತ್ತಲೇ ಇವೆ.

ಬೋರ್ಡುಗಳ ಇನ್ನೊಂದು ಆವಿಷ್ಕಾರಕ್ಕೆ ಶಾಂತಿ ನೆಲೆ ಎಂದು ಹೆಸರು. ನಿಮ್ಮ ಸಕ್ಕರೆ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಗಡಿಯಲ್ಲಲ್ಲ, ಪೀಸ್ ಸ್ಟೇಷನ್ನಿನಲ್ಲಿ. ಆದ್ದರಿಂದ ಅದಕ್ಕೂ ಸೇನೆಗೂ ಸಂಬಂಧವಿಲ್ಲ. ರಕ್ತದೊತ್ತಡಕ್ಕೆ ಇಷ್ಟೊಂದು ಭೂಗೋಳಜ್ಞಾನ ಇರುವುದು ನಮ್ಮ ದೇಶದಲ್ಲಿ ಮಾತ್ರ ಇರಬೇಕು: ಬೆಟ್ಟದ ತುದಿಯ ಬಂಕರಿನಲ್ಲಿ ಎರಡು ವರ್ಷ ಸಂಯಮದಿಂದಿದ್ದು, ರೈಲು ಇಳಿದು ಕಂಟೋನ್ಮೆಂಟಿನ ಗೇಟು ದಾಟಿದ ಮೇಲೆ ಅದು ಏರಲು ನಿರ್ಧರಿಸುತ್ತದೆ. ಮೈಯಲ್ಲಿ ಮೆಲ್ಲಗೆ ಬೆಳೆಯುವ ಕಾಯಿಲೆ ಪತ್ತೆಯಾಗುವುದು ಆಸ್ಪತ್ರೆ ಇರುವ ಊರಿನಲ್ಲಿ ಎಂಬ ಸಣ್ಣ ವಿಚಾರ ಈ ಸಿದ್ಧಾಂತಕ್ಕೆ ಅಡ್ಡಬಂದಿಲ್ಲ. ಮೂವತ್ತು ವರ್ಷ ಸೇವೆ ಮಾಡಿದವರೊಬ್ಬರ ಮಧುಮೇಹಕ್ಕೂ ಇದೇ ಕಾರಣ ಕೊಟ್ಟು, 2025ರ ಮಾರ್ಚ್‌ನಲ್ಲಿ ಸರ್ಕಾರ ದೆಹಲಿ ಹೈಕೋರ್ಟಿನಲ್ಲಿ ಬುದ್ಧಿವಾದ ಕೇಳಿಕೊಂಡು ಬಂದಿತ್ತು.

ಈಗ ಶೇಕಡಾವಾರಿಗೆ ಬರೋಣ, ಏಕೆಂದರೆ ಈ ಇಲಾಖೆಯ ಕಾವ್ಯಪ್ರತಿಭೆ ಇರುವುದು ಅಂಕಿಗಳಲ್ಲಿ. ವಯೋನಿವೃತ್ತಿ ಹೊಂದುವವರು ಪಿಂಚಣಿಯಲ್ಲಿ ಅಂಗವೈಕಲ್ಯದ ಪಾಲು ಪಡೆಯಲು ವೈಕಲ್ಯ ಕನಿಷ್ಠ ಶೇ 20 ಇರಬೇಕು. ಹಾಗಾಗಿ ಮೆಡಿಕಲ್ ಬೋರ್ಡಿನ ಹಾಳೆಗಳಲ್ಲಿ ಶೇ 15-19 ಎಂಬ ಅಳತೆ ಪದೇ ಪದೇ ದರ್ಶನ ಕೊಡುತ್ತದೆ. ಕಿವುಡುತನ ಹದಿನಾರೋ ಹದಿನೆಂಟೋ ಎಂದು ಹೇಳಲಾಗದಷ್ಟು ಮಸುಕಾಗಿದ್ದರೂ, ಇಪ್ಪತ್ತು ಮಾತ್ರ ಖಂಡಿತ ಅಲ್ಲ ಎಂಬುದರಲ್ಲಿ ಬೋರ್ಡಿಗೆ ಎಳ್ಳಷ್ಟೂ ಅನುಮಾನವಿರುವುದಿಲ್ಲ. ವೈಕಲ್ಯದ ಕಾರಣಕ್ಕೆ ಅವಧಿಗೆ ಮೊದಲೇ ಮನೆಗೆ ಕಳುಹಿಸಿದ್ದೀರಿ ಎಂದ ಮೇಲೆ ಅದು ಶೇ 20ಕ್ಕಿಂತ ಹೆಚ್ಚೇ ಇದ್ದಿರಬೇಕಲ್ಲವೇ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಕೇಳಿತು. ಸೈನಿಕನಾಗಿರಲು ಅಸಮರ್ಥ, ಆದರೆ ಅಸಮರ್ಥನೆನಿಸಿಕೊಳ್ಳಲು ಬೇಕಾದಷ್ಟು ಅಸಮರ್ಥನಲ್ಲ ಎಂಬ ಈ ಸ್ಥಿತಿಯನ್ನು ನಮ್ಮ ಅದ್ವೈತಿಗಳೂ ಊಹಿಸಿರಲಿಲ್ಲ.

ಇಪ್ಪತ್ತನ್ನು ದಾಟಿದವರ ಪಾಡೇನು ಎಂದು ನೋಡಲು ಸೋಮವಾರಪೇಟೆ ಕಡೆಯ ಒಬ್ಬ ನಿವೃತ್ತ ಹವಾಲ್ದಾರರನ್ನು ಊಹಿಸಿಕೊಳ್ಳೋಣ. ಬೆನ್ನುಮೂಳೆಯ ತೊಂದರೆಗೆ ಅವರಿಗೆ ಸಿಕ್ಕಿದ್ದು ಶೇ 30. ಈಗ ಬೆನ್ನು ಇನ್ನಷ್ಟು ಕೆಟ್ಟಿದೆ, ಕಾಫಿ ತೋಟದ ಇಳಿಜಾರಿನಲ್ಲಿ ಹತ್ತು ಹೆಜ್ಜೆ ಇಡಲಾಗದು. 2001ರ ಸರ್ಕಾರಿ ಆದೇಶದ ಪ್ರಕಾರ ಕಾಯಂ ವೈಕಲ್ಯವನ್ನು ಬಿಡುಗಡೆಯ ವೇಳೆ ಅಳೆದದ್ದೇ ಜೀವನಪರ್ಯಂತ ಅಂತಿಮ, ಸ್ವತಃ ಪಿಂಚಣಿದಾರರೇ ಮರುಪರೀಕ್ಷೆ ಕೇಳಿದರೆ ಮಾತ್ರ ಬೇರೆ ಮಾತು. ಇವರು ಕೇಳಿದರು. ಪರೀಕ್ಷೆಯೂ ಆಯಿತು. ವೈಕಲ್ಯದ ಪ್ರಮಾಣದಲ್ಲಿ ಹೆಚ್ಚಳ ಕಂಡುಬಂದಿಲ್ಲ ಎಂದು ಉತ್ತರವೂ ಬಂದಿತು.

ಅವರು ಕೇಳಿದ್ದೆಷ್ಟು? ಶೇ 100 ವೈಕಲ್ಯಕ್ಕೆ ಕೊನೆಯ ವೇತನದ ಶೇ 30, ಅದಕ್ಕಿಂತ ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಕಡಿತ ಎಂಬುದು ಲೆಕ್ಕ. ಕೊನೆಯ ವೇತನ 45,000 ರೂಪಾಯಿ ಎಂದಿಟ್ಟುಕೊಂಡರೆ ಶೇ 30 ವೈಕಲ್ಯಕ್ಕೆ ತಿಂಗಳಿಗೆ 4,050 ರೂಪಾಯಿ. ಶೇ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕಿಂತ ಮೇಲಿನದನ್ನು 100 ಎಂದೂ ಪರಿಗಣಿಸುವ ನಿಯಮವೊಂದಿದೆ. ಮೊದಲು ಅದು ವೈಕಲ್ಯದಿಂದಲೇ ಸೇವೆ ಕಳೆದುಕೊಂಡವರಿಗಷ್ಟೇ ಎಂದಿತ್ತು, ಅವಧಿ ಮುಗಿಸಿದವರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಬೇಕಾಯಿತು. ಅದರಂತೆ ಇವರಿಗೆ 6,750 ರೂಪಾಯಿ. ಬೋರ್ಡ್ ಈ ಬೆನ್ನಿಗೆ ಶೇ 50 ಬರೆದಿದ್ದರೆ 10,125 ರೂಪಾಯಿ ಆಗುತ್ತಿತ್ತು. ನಡುವಿನ ವ್ಯತ್ಯಾಸ 3,375 ರೂಪಾಯಿ. ಶೇ 40 ಎಂದು ಬರೆದಿದ್ದರೆ ಒಂದು ಪೈಸೆಯೂ ಹೆಚ್ಚುತ್ತಿರಲಿಲ್ಲ, ಏಕೆಂದರೆ ಮೂವತ್ತರಿಂದ ನಲವತ್ತೊಂಬತ್ತರ ತನಕದ ನೋವು ಖಜಾನೆಯ ಕಣ್ಣಿಗೆ ಒಂದೇ ನೋವು. ನರಳಿದರೆ ಐವತ್ತು ಮುಟ್ಟುವಷ್ಟು ನರಳಬೇಕು.

ಈ ವಿದ್ಯೆಯಲ್ಲಿ ನಾವು ಒಂಟಿಯಲ್ಲ ಎಂಬ ಸಮಾಧಾನಕ್ಕೆ ಅಮೆರಿಕವನ್ನೂ ಒಮ್ಮೆ ನೋಡಬಹುದು. ಅಲ್ಲಿನ ಮಾಜಿ ಸೈನಿಕರ ಇಲಾಖೆಯಲ್ಲಿ 50ಕ್ಕೆ 30 ಕೂಡಿದರೆ 80 ಆಗುವುದಿಲ್ಲ. ಮೊದಲ ಗಾಯ ಅರ್ಧ ಮನುಷ್ಯನನ್ನು ಕಳೆಯಿತು, ಎರಡನೆಯ ಗಾಯಕ್ಕೆ ಉಳಿದ ಅರ್ಧದಲ್ಲಿ ಮಾತ್ರ ಹಕ್ಕು, ಆದ್ದರಿಂದ ಒಟ್ಟು 65, ಅದನ್ನು ಹತ್ತಿರದ ಹತ್ತಕ್ಕೆ ಏರಿಸಿ 70 ಎನ್ನುತ್ತಾರೆ. ಲೆಕ್ಕದ ಮೇಷ್ಟರು ಬೆತ್ತ ಹಿಡಿಯುವಂಥ ಈ ಸಂಕಲನಕ್ಕೂ ಒಂದು ತರ್ಕವಿದೆ, ಮನುಷ್ಯ ಶೇ 100ಕ್ಕಿಂತ ಹೆಚ್ಚು ಹಾಳಾಗಲಾರ ಎಂಬುದೇ ಅದು. ಅಲ್ಲಿಯೂ ಹೆಚ್ಚಳದ ಅರ್ಜಿಗಳು ತಿರಸ್ಕೃತವಾಗುತ್ತವೆ, ಬೈಗುಳವೂ ಸಾಕಷ್ಟಿದೆ. ಆದರೆ 2019ರಿಂದ ತಿರಸ್ಕೃತರ ಮುಂದೆ ಮೂರು ದಾರಿಗಳು ಸ್ಪಷ್ಟವಾಗಿವೆ: ಹೊಸ ಸಾಕ್ಷ್ಯ ಕೊಡಬಹುದು, ಹಿರಿಯ ಅಧಿಕಾರಿಯಿಂದ ಮರುಪರಿಶೀಲನೆ ಕೇಳಬಹುದು, ಇಲ್ಲವೇ ಮೇಲ್ಮನವಿ ಮಂಡಳಿಗೆ ಹೋಗಬಹುದು. ಹೊಸ ಸಾಕ್ಷ್ಯ ಒಪ್ಪಿಕೊಳ್ಳುವ ವ್ಯವಸ್ಥೆಯೆಂದರೆ, ಮೊದಲ ಬಾರಿ ತಾನು ತಪ್ಪಿರಬಹುದು ಎಂದು ಒಪ್ಪಿಕೊಂಡ ವ್ಯವಸ್ಥೆ. ನಮ್ಮಲ್ಲಿ ಅಂಥ ದೌರ್ಬಲ್ಯಕ್ಕೆ ಅವಕಾಶ ಕಡಿಮೆ.

ನಮ್ಮ ಹವಾಲ್ದಾರರು ಪತ್ರಕ್ಕೆ ಏನು ಉತ್ತರ ಕೊಡಬೇಕು? ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಬಹುದು. ಅದನ್ನು ಒಂದು ಸಮಿತಿ ನೋಡುತ್ತದೆ. ಅದು ಬೇಡವೆಂದರೆ ಎರಡನೆಯ ಮೇಲ್ಮನವಿ, ಇನ್ನೊಂದು ಸಮಿತಿ. ಬೋರ್ಡಿನ ಷರಾವನ್ನು ಎರಡು ಸಮಿತಿಗಳೂ ಗೌರವದಿಂದ ನಕಲು ಮಾಡಿದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರ ಅರ್ಜಿಗಳನ್ನು ನೋಡುವ ಅದರ ಪೀಠ ಇರುವುದು ಕೊಚ್ಚಿಯಲ್ಲಿ. ಅಲ್ಲಿ ಗೆದ್ದರೆ, ಗೆದ್ದದ್ದನ್ನು ಜಾರಿ ಮಾಡಿಸಲು ಮತ್ತೊಂದು ಅರ್ಜಿ. ನಡುವೆ ಸರ್ಕಾರ ಹೈಕೋರ್ಟಿಗೆ ಹೋಗಬಹುದು. ನ್ಯಾಯಮಂಡಳಿಯ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಬಾಗಿಲು ತೆರೆದಾಗ, ದೆಹಲಿಯವರೆಗೆ ಹೋಗಲಾಗದ ಬಡ ಸೈನಿಕನಿಗೆ ಅನುಕೂಲವಾಯಿತು ಎಂದು ಅನೇಕರು ಸಂತೋಷಪಟ್ಟಿದ್ದರು. ಕಡತ ಹೊತ್ತುಕೊಂಡು ಆ ಬಾಗಿಲಲ್ಲಿ ಸಾಲುಗಟ್ಟಿ ನಿಂತದ್ದು ಸರ್ಕಾರಿ ವಕೀಲರು.

ಇಷ್ಟು ದಾವೆಗಳೇಕೆ ಎಂಬ ಪ್ರಶ್ನೆ ದೆಹಲಿಗೂ ಹೊಳೆದಿರಲಿಲ್ಲವೆಂದಲ್ಲ. ರಕ್ಷಣಾ ಸಚಿವರಾಗಿದ್ದ ಮನೋಹರ್ ಪರ‍್ರೀಕರ್ ವ್ಯಾಜ್ಯ ಕಡಿಮೆ ಮಾಡಲೆಂದೇ 2015ರಲ್ಲಿ ತಜ್ಞರ ಸಮಿತಿ ನೇಮಿಸಿದರು, ಅದು ಅದೇ ವರ್ಷ ವರದಿ ಕೊಟ್ಟಿತು. ಸಮಿತಿ ತನ್ನ ಕೆಲಸವನ್ನು ಸಮಯಕ್ಕೆ ಸರಿಯಾಗಿ ಮುಗಿಸಿತು ಎಂಬುದು ಈ ಕಥೆಯಲ್ಲಿ ನಾನು ವ್ಯಂಗ್ಯವಿಲ್ಲದೆ ಹೊಗಳಬಲ್ಲ ಒಂದೇ ಸಂಗತಿ. 2019ರ ಜೂನ್‌ನಲ್ಲಿ ನೇರ ತೆರಿಗೆ ಮಂಡಳಿಯೂ ಕೈಜೋಡಿಸಿ, ಅಂಗವೈಕಲ್ಯದ ಕಾರಣದಿಂದಲೇ ಸೇವೆಯಿಂದ ಹೊರಬಿದ್ದವರಿಗೆ ಮಾತ್ರ ತೆರಿಗೆ ವಿನಾಯಿತಿ, ಅದೇ ವೈಕಲ್ಯ ಹೊತ್ತು ನಿವೃತ್ತಿಯವರೆಗೆ ಏಗಿದವರಿಗೆ ಇಲ್ಲ ಎಂದು ಸುತ್ತೋಲೆ ಹೊರಡಿಸಿತು. ಕುಂಟುತ್ತಲೇ ದುಡಿದವನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಯಾರು ಕಲಿಸಬೇಕು?

ದುರುಪಯೋಗವಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ನಿವೃತ್ತಿಯ ಹೊಸ್ತಿಲಲ್ಲಿ ಇದ್ದಕ್ಕಿದ್ದಂತೆ ಕಾಯಿಲೆ ಕಂಡುಕೊಳ್ಳುವ ದೊಡ್ಡ ದರ್ಜೆಯವರ ಬಗ್ಗೆ ಸೇನೆಯೊಳಗೇ ಗೊಣಗಾಟವಿದೆ, ಅಂಗವೈಕಲ್ಯ ಪಿಂಚಣಿ ಪಡೆದು ನಿವೃತ್ತರಾಗುವವರ ಪ್ರಮಾಣ ಜವಾನರಿಗಿಂತ ಅಧಿಕಾರಿಗಳಲ್ಲಿ ಹೆಚ್ಚು ಎಂದು ಸಿಎಜಿ ಕೂಡ ತೋರಿಸಿದೆ. ಅದಕ್ಕೆ ಉತ್ತರವಾಗಿ 2023ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ಅರ್ಹತಾ ನಿಯಮಗಳು ಎಲ್ಲರಿಗೂ ಬಿಗಿಯಾದವು. ಮೇಲಿನವರ ಕಳ್ಳ ಕಾಯಿಲೆಗೆ ಕೆಳಗಿನವರ ನಿಜವಾದ ಬೆನ್ನು ದಂಡ ಕಟ್ಟುವುದನ್ನು ಸಮಾನತೆ ಎನ್ನುವುದಾದರೆ, ನಮ್ಮಲ್ಲಿ ಸಮಾನತೆಗೆ ಕೊರತೆಯಿಲ್ಲ.

ಇಲ್ಲಿಯವರೆಗೆ ನಗುತ್ತಾ ಬರೆದೆ, ಇನ್ನು ಆಗುವುದಿಲ್ಲ. ಸಿಯಾಚಿನ್‌ನಲ್ಲಿ ಸೇವೆ ಸಲ್ಲಿಸಿದ್ದ, ಅಪಸ್ಮಾರಕ್ಕೆ ತುತ್ತಾಗಿ 1989ರಲ್ಲಿ ಮನೆಗೆ ಕಳುಹಿಸಲ್ಪಟ್ಟ ಸೈನಿಕರೊಬ್ಬರಿಗೆ ಅಂಗವೈಕಲ್ಯ ಪಿಂಚಣಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಏಪ್ರಿಲ್‌ನಲ್ಲಿ. ಮೂವತ್ತಾರು ವರ್ಷ. ಅಷ್ಟರಲ್ಲಿ ಒಂದು ಮಗು ಹುಟ್ಟಿ, ಸೇನೆ ಸೇರಿ, ನಿವೃತ್ತವಾಗಿ ತನ್ನದೇ ಬೆನ್ನಿನ ಅರ್ಜಿ ಹಿಡಿದು ಅದೇ ಸಾಲಿನಲ್ಲಿ ನಿಲ್ಲಬಹುದು. ಸರ್ಕಾರಕ್ಕೆ ಕಾನೂನು ಗೊತ್ತಿಲ್ಲದೆ ಹೀಗಾಗುತ್ತಿಲ್ಲ. ಸಾವಿರ ಜನಕ್ಕೆ ಇಲ್ಲವೆಂದರೆ ಒಂದಷ್ಟು ಜನ ಸುಮ್ಮನಾಗುತ್ತಾರೆ, ಒಂದಷ್ಟು ಜನ ಸಾಯುತ್ತಾರೆ, ಉಳಿದವರು ಮಾತ್ರ ಕೋರ್ಟಿಗೆ ಬರುತ್ತಾರೆ ಎಂಬುದು ಗೊತ್ತಿರುವುದರಿಂದ ಆಗುತ್ತಿದೆ. ಡಿಸೆಂಬರ್ 7ರಂದು ಧ್ವಜ ದಿನದ ಚೀಟಿಯನ್ನು ನಮ್ಮ ಅಂಗಿಗೆ ಅಂಟಿಸಿ, ಕಾರ್ಗಿಲ್ ದಿನದಂದು ಭಾಷಣ ಬಿಗಿದು, ಮಾರನೆಯ ದಿನ 3,375 ರೂಪಾಯಿಯನ್ನು ಉಳಿಸಲು ವಕೀಲರನ್ನು ನಿಲ್ಲಿಸುವವರಿಗೆ ನಾಚಿಕೆಯಾಗಬೇಕು.

ಹವಾಲ್ದಾರರಿಗೆ ಹೇಳಬೇಕಾದದ್ದನ್ನು ನೇರವಾಗಿ ಹೇಳುತ್ತೇನೆ. ಪತ್ರವನ್ನು ಹರಿದೆಸೆಯಬೇಡಿ. ಮೆಡಿಕಲ್ ಬೋರ್ಡಿನ ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಾದರೂ ತರಿಸಿಕೊಳ್ಳಿ. ಅದರಲ್ಲಿ ಕಾರಣ ಬರೆದಿದ್ದಾರೆಯೇ, ಬರೀ ಷರಾ ಹಾಕಿದ್ದಾರೆಯೇ ನೋಡಿ. ಬೆನ್ನಿನ ಈಗಿನ ಸ್ಥಿತಿಯ ಬಗ್ಗೆ ಸರ್ಕಾರಿ ಆಸ್ಪತ್ರೆಯ ತಜ್ಞರಿಂದ ಬರೆಸಿಕೊಳ್ಳಿ. ಶೇ 30ನ್ನು 50 ಎಂದು ಪರಿಗಣಿಸುವ ಲಾಭ ನಿಮಗೆ ಬಂದಿದೆಯೇ ಎಂದು ಮೊದಲು ಪರೀಕ್ಷಿಸಿ, ಅದಿನ್ನೂ ಬಂದಿರದಿದ್ದರೆ ಆ ಹೋರಾಟ ಇದಕ್ಕಿಂತ ಸುಲಭ. ತಡ ಮಾಡಬೇಡಿ, ತಡವಾಗಿ ಬಂದವರ ಹಿಂಬಾಕಿಯನ್ನು ನ್ಯಾಯಾಲಯಗಳು ಬಹಳ ಬಾರಿ ಮೂರು ವರ್ಷಕ್ಕೆ ಮೊಟಕುಗೊಳಿಸಿವೆ. ಆರು ತಿಂಗಳ ಗಡುವು ನಿಮಗೆ ಮಾತ್ರ, ಅವರಿಗಲ್ಲ. ಆದ್ದರಿಂದ ಪತ್ರದ ಜೊತೆಗೆ ಅದು ಬಂದ ಲಕೋಟೆಯನ್ನೂ ತೆಗೆದಿಡಿ, ಅಂಚೆ ಮುದ್ರೆಯ ದಿನಾಂಕ ಬೇಕಾಗುತ್ತದೆ.