ಸತ್ತವರಿಗೂ ಒಂದು ಕೆಲಸ ಕೊಡಿ

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಕೂತು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವವರ ಕಷ್ಟವೇ ಬೇರೆ. ಬೆಂಗಳೂರಿನಲ್ಲಾದರೆ ಕ್ಯಾರೆಕ್ಟರ್ ಸತ್ತವರು ಆಟೋ ಹತ್ತಿ ಮನೆಗೆ ಹೋಗಬಹುದು. ನಮ್ಮಲ್ಲಿ ಸತ್ತವನು ಎಲ್ಲಿಗೆ ಹೋಗಬೇಕು ಹೇಳಿ? ಕೊನೇ ಬಸ್ಸು ಹೋಗಿರುತ್ತದೆ, ಕರೆಂಟೂ ಹೋಗಿರುತ್ತದೆ. ಹಾಗಾಗಿ ಹಲಸಿನ ಹಪ್ಪಳದ ಡಬ್ಬಿ ತೊಡೆ ಮೇಲಿಟ್ಟುಕೊಂಡು ಅಲ್ಲೇ ಕೂತಿರುತ್ತಾನೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಆಟ ಇದು. ಒಬ್ಬರು ಕತೆ ನಡೆಸುತ್ತಾರೆ, ನಮ್ಮಲ್ಲಿ ಅದು ನಾನು. ಉಳಿದವರದ್ದು ಒಂದೊಂದು ಪಾತ್ರ. ಶುರುವಿನ ಆಟದಲ್ಲಿ ಹಿಟ್ ಪಾಯಿಂಟ್, ಅಂದರೆ ಪಾತ್ರಕ್ಕೆ ಉಳಿದ ಜೀವದ ಲೆಕ್ಕ, ಸೊನ್ನೆ ಆದರೆ ಕತೆ ಮುಗೀತು. 2014ರ ಐದನೇ ಆವೃತ್ತಿ ಸ್ವಲ್ಪ ದಯೆ ತೋರಿಸುತ್ತದೆ. ಸೊನ್ನೆಗೆ ಬಂದವನು ಪ್ರಜ್ಞೆ ತಪ್ಪಿ ಬೀಳುತ್ತಾನೆ, ಪ್ರತಿ ಸರದಿಗೆ ಇಪ್ಪತ್ತು ಮುಖದ ಡೈಸ್ ಹಾಕುತ್ತಾನೆ. 10 ಅಥವಾ ಜಾಸ್ತಿ ಬಿದ್ದರೆ ಪಾಸು, ಕಡಿಮೆ ಬಿದ್ದರೆ ಫೇಲು. ಮೂರು ಫೇಲಾದರೆ ಸಾವು. 1 ಬಿದ್ದರೆ ಎರಡು ಫೇಲಿನ ಲೆಕ್ಕ.

ನಮ್ಮ ಭಾವನಿಗೆ 1 ಬಿತ್ತು.

ಮುಂದಿನ ಸರದಿಗೆ ಅವನು ಎಷ್ಟು ಜೋರಾಗಿ ಎಸೆದ ಅಂದರೆ ಡೈಸ್ ಹಾರಿ ಅಡಿಕೆ ಚೀಲಗಳ ಸಂದಿಗೆ ಹೋಯ್ತು. ಟಾರ್ಚು ಹಿಡಿದು, ಹೊಟ್ಟೆ ಮೇಲೆ ಮಲಗಿ ಹುಡುಕಿದೆವು. ಧೂಳು, ಒಂದು ಸತ್ತ ಜಿರಳೆ, ಅದರ ಪಕ್ಕ ಡೈಸ್. ಮೇಲೆ 7. "ಚೀಲಕ್ಕೆ ತಾಗದೇ ಇದ್ದಿದ್ರೆ 17 ಬೀಳ್ತಿತ್ತು ಮಾರಾಯ" ಅಂದ ಭಾವ. ಜಿರಳೆ ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಬದುಕಿಸುವ ಮಂತ್ರ ಇದೆ. ಒಂದು ನಿಮಿಷದೊಳಗಾದರೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ತಡವಾದರೆ ಇನ್ನೊಂದು ಮಂತ್ರ, 500ರ ವಜ್ರ, ಹತ್ತು ದಿನದ ಗಡುವು. ಬತ್ತಿ ಹೊಸೆಯುತ್ತಿದ್ದ ಅಜ್ಜಿಗೆ ಈ ಹತ್ತು ದಿನ ಬಹಳ ಇಷ್ಟವಾಯ್ತು. "ಒಳ್ಳೇದಾಯ್ತಲ್ಲ, ಹನ್ನೊಂದನೇ ದಿನದ ಖರ್ಚು ಉಳೀತು" ಅಂದರು. ನಮ್ಮ ಹತ್ತಿರ ವಜ್ರವೂ ಇರಲಿಲ್ಲ, ಆ ಮಂತ್ರ ಕಲಿತವರೂ ಇರಲಿಲ್ಲ.

ಸತ್ತ ಭಾವ ಬದುಕಿದ್ದ ಭಾವನಿಗಿಂತ ಜಾಸ್ತಿ ಮಾತಾಡಿದ. "ಎಡಕ್ಕೆ ಹೋಗ್ಬೇಕಿತ್ತು", "ಅವನಿಗೆ ಬಾಣ ಬಿಡೋಕೇ ಬರಲ್ಲ", ನಡುವೆ ಹಪ್ಪಳ ಮುರಿಯುವ ಸದ್ದು. ನಿಯಮ ಬದಲಾಯಿಸದೆ ವಿಧಿಯಿಲ್ಲ ಅಂತ ನನಗೆ ಆಗಲೇ ಅನಿಸಿತು.

ಮುಂದಿನ ಸಲ ಯಾರೂ ಸಾಯುವ ಹಾಗಿಲ್ಲ ಅಂತ ಮಾಡಿದೆ. ಸಾವೇ ಇಲ್ಲ ಅಂದ ಮೇಲೆ ಬುದ್ಧಿ ಯಾಕೆ ಖರ್ಚು ಮಾಡಬೇಕು, ಅಲ್ವಾ? ಚಿಕ್ಕಪ್ಪನ ಮಗಳ ಮಂತ್ರವಾದಿ ಕುಂದಾದ್ರಿಯಷ್ಟು ಎತ್ತರದ ಬಂಡೆಯಿಂದ ಸುಮ್ನೆ ಹಾರಿಬಿಟ್ಟಳು. ಯಾಕೆ ಅಂದರೆ, ಇಳಿಯೋಕೆ ಬೇಜಾರಂತೆ. ಆಮೇಲೆ ಮೂರನೇ ಫೇಲಿಗೆ ಸಾವಿನ ಬದಲು ಏನಾದರೂ ಕಳಕೊಳ್ಳಲಿ ಅಂದೆ. ಭಾವನ ಹೊಸ ಪಾತ್ರ ಒಬ್ಬ ಕುಳ್ಳ, ಅವನ ಗಡ್ಡ ಕೊಟ್ಟು ಬದುಕಿಕೊಂಡ. ಇದೂ ಒಂದು ನಷ್ಟವಾ? ನನ್ನ ಕೇಳಿದರೆ, ಮೂರು ಫೇಲಿಗೆ ಸಾಯಲೇಬೇಕು. ಇಲ್ಲದಿದ್ದರೆ ಡೈಸ್ ಎಸೆಯುವಾಗ ಕೈ ನಡುಗುವುದಿಲ್ಲ. ಸರಿಮಾಡಬೇಕಾದ್ದು ಕ್ಯಾರೆಕ್ಟರಿನ ಸಾವನ್ನಲ್ಲ, ಜಗಲಿಯಲ್ಲಿ ಖಾಲಿ ಕೂತ ಮನುಷ್ಯನನ್ನು.

ಹಾಗಾಗಿ ಸತ್ತವರು ಎದುರಾಳಿ ಕಡೆಯ ಪುಟ್ಟ ರಾಕ್ಷಸರಾದ ಗಾಬ್ಲಿನ್‌ಗಳನ್ನು ಆಡಿಸಲಿ ಅಂತ ಹೊಸ ನಿಯಮ ಬಂತು. ಭಾವ ಆವತ್ತು ಮೊದಲು ಸತ್ತ, ಬೇಕಂತಲೇ ಸತ್ತ ಅನ್ನೋದು ನನ್ನ ಗುಮಾನಿ. ಪ್ರಜ್ಞೆ ತಪ್ಪಿ ಬಿದ್ದವನಿಗೆ ಐದು ಅಡಿಯೊಳಗಿಂದ ಹೊಡೆದರೆ, ಏಟು ತಾಗಿದರೆ, ಅದು ಕ್ರಿಟಿಕಲ್, ಅಂದರೆ ಭಾರೀ ಏಟು, ಒಂದೇಟಿಗೆ ಎರಡು ಫೇಲು. ಕತೆ ನಡೆಸುವವರು ಈ ನಿಯಮವನ್ನು ಕಂಡೂ ಕಾಣದ ಹಾಗೆ ಇರುತ್ತೇವೆ. ಭಾವ ಅದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬಿದ್ದವರನ್ನೆಲ್ಲ ಹುಡುಕಿ ಹುಡುಕಿ ಹೊಡೆದ. ಸತ್ತವರೆಲ್ಲ ಒಬ್ಬೊಬ್ಬರಾಗಿ ಅವನ ಕಡೆ ಬಂದು ಕೂತರು, ಕೊನೆಗೆ ಗುಹೆ ತುಂಬ ಗಾಬ್ಲಿನ್‌ಗಳೇ. ಹೊಡೆಯಲು ಯಾರೂ ಉಳಿಯಲಿಲ್ಲ. ಆಟ ಮುಗೀತು ಅಂತ ನಾನು ಪುಸ್ತಕ ಮುಚ್ಚಿದರೆ ಇವರು ಏಳಲಿಲ್ಲ. ಗುಹೆಯ ಆಸ್ತಿ ಪಾಲು ಮಾಡಲು ಕೂತರು, ಹಿರಿಯ ಗಾಬ್ಲಿನ್‌ಗೆ ಒಂದು ಪಾಲು ಜಾಸ್ತಿ ಬೇಕೋ ಬೇಡವೋ ಅಂತ ಹಿಡಿದ ಜಗಳ ಬೆಳಗಿನ ಮೊದಲ ಬಸ್ಸಿನ ತನಕ ನಡೆಯಿತು.